ರಿಪೋರ್ಟ್ ಕಾರ್ಡ್ ಕಥಿ, ಭಾಗ 3: ಅಪ್ಪನ ಹೆಬ್ಬಟ್ಟು

ಒಂಬತ್ತನೇ ಕ್ಲಾಸಿನ ಪ್ರಗತಿ ಪತ್ರ. ಒಟ್ಟು ಗ್ರೇಡ್ 'ಬಿ'. ತಿಮ್ಮಾಪುರದ ನಮ್ಮ ಮನಿ ಕಟ್ಟಿ ಮ್ಯಾಲೆ ಕುಂತು ಹೆಬ್ಬಟ್ಟು ಒತ್ತೋ ಮುಂದ ಅಪ್ಪ ಕೇಳಿದ, "ತಮ್ಮಾ, ಇದು ಚಲೋ ಐತೇನು?"

"ಎ ಆದ್ಮ್ಯಾಲೆ ಬಿನ ಅಲ್ಲೇನಪ್ಪಾ" ಅಂದೆ.

ಸಿಸಿಇ ಲೆಕ್ಕದಾಗ 90ರಿಂದ ಮ್ಯಾಲೆ 'ಎ+', 70ರಿಂದ 89 'ಎ', 50ರಿಂದ 69 'ಬಿ+', 30ರಿಂದ 49 'ಬಿ'. ಅದರ ಕೆಳಗ 'ಸಿ' ಒಂದ ಉಳೀತು. ನಂದು ಶೇ. 43. ಅಪ್ಪಗ ಅದನ್ನ ಹೇಳ್ಲಿಲ್ಲ.

ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. 625ಕ್ಕ 270. ಗ್ರೇಡ್ 'ಸಿ'. ಅಲ್ಲಿ 'ಬಿ' ಬೇಕಂದ್ರ 375 ಆಗ್ಬೇಕು, ಅಂದ್ರ ಶೇ. 60.

"ಹ್ವಾದ ವರ್ಷ ಬಿ ಇತ್ತಲ್ಲೋ, ಯಾಕ ಇಳದಿ?" ಅಂದ ಅಪ್ಪ.

ನಾ ಇಳದಿರ್ಲಿಲ್ಲ. ಅಲ್ಲೇ ಇದ್ದೆ. ಅಳತಿ ಬದಲಾಗಿತ್ತು, ಅಷ್ಟ. ಒಂಬತ್ತರಾಗ ಖರೇ ಹೇಳಿದ್ರ ಸುಧಾರಿಸ್ಕೊಳ್ಳಾಕ ಒಂದು ವರ್ಷ ಸಿಗ್ತಿತ್ತು.

ಈ ಸಲ ತಂಗಿ ಕಾರ್ಡ್ ತಂದಾಗ ಅಪ್ಪಗ ಅಕ್ಷರ ಅಲ್ಲ, ಒಂದೊಂದ ವಿಷಯದ ಅಂಕ ಓದಿ ಹೇಳಿದೆ. ಪೂರಾ ಕೇಳಿ ಆಮ್ಯಾಲೆ ಹೆಬ್ಬಟ್ಟು ಒತ್ತಿದ.

ನಿಮ್ಮ ಮನ್ಯಾಗ ಕಾರ್ಡ್ ಯಾರು ಓದಿ ಹೇಳ್ತೀರಿ?