ಗ್ಲಸ್ಟರ್, ಕೋರಂ ಮತ್ತು ನಮ್ಮೂರಿನ ಹಳೆಯ ಫೋಟೋಗಳು

ಕೋರಂ ಎಂದರೆ ಸಭೆ ಸಿಂಧುವಾಗಲು ಹಾಜರಿರಬೇಕಾದ ಕನಿಷ್ಠ ಸದಸ್ಯರ ಸಂಖ್ಯೆ. ಕಂಪನಿ ಕಾಯ್ದೆ 2013ರ ಪ್ರಕಾರ ಖಾಸಗಿ ಕಂಪನಿಯ ಸಾಮಾನ್ಯ ಸಭೆಗೆ 2 ಜನ ಸದಸ್ಯರು ಸಾಕು. ಸಾರ್ವಜನಿಕ ಕಂಪನಿಯಲ್ಲಿ ಸದಸ್ಯರ ಸಂಖ್ಯೆ 1,000 ಮೀರದಿದ್ದರೆ 5 ಜನ ಇರಬೇಕು. ಇದನ್ನು ಬಾಯಿಪಾಠ ಮಾಡಿದವರು ನಮ್ಮ ಕಾಮರ್ಸ್ ವಿಭಾಗದಲ್ಲಿ ಬಹಳ ಜನ ಇದ್ದೇವೆ. ಆದರೆ ಕೋರಂ ಇಲ್ಲದೆ ನಿರ್ಣಯ ಬರೆದರೆ ನಿಜವಾಗಿ ಏನು ಕೆಡುತ್ತದೆ ಎಂಬುದು ನನಗೆ ತಿಳಿದದ್ದು ಪುಸ್ತಕದಿಂದ ಅಲ್ಲ. ಕೊಲ್ಹಾರದಲ್ಲಿ ನಮ್ಮ ಮಾಮುವಿನ ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ಹಳೆಯ ಕಂಪ್ಯೂಟರುಗಳಿಂದ.

ಕೊಲ್ಹಾರ ಎಂದರೆ ಹೊರಗಿನವರಿಗೆ ಗಡಿಗೆ ಮೊಸರು. ನಮಗೆ ಮುಳುಗಡೆ. ಆಲಮಟ್ಟಿ ಆಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿತ್ತು. ಈಗ ಅಲ್ಲಿ 519.60 ಮೀಟರ್ ಎತ್ತರದವರೆಗೆ, ಅಂದರೆ ಸುಮಾರು 123 ಟಿಎಂಸಿ ನೀರು ನಿಲ್ಲಿಸುತ್ತಾರೆ. ಆ ಹಿನ್ನೀರು ಹಳೆಯ ಊರನ್ನು ನುಂಗಿತು, ಜನ ಪುನರ್ವಸತಿ ಕೇಂದ್ರಕ್ಕೆ ಬಂದರು. 2010ರಲ್ಲಿ ಕೃಷ್ಣಾ ಎರಡನೇ ನ್ಯಾಯಮಂಡಳಿ 524.256 ಮೀಟರ್‌ವರೆಗೆ ಏರಿಸಲು ಒಪ್ಪಿದೆ. ಇನ್ನೂ 4.656 ಮೀಟರ್. ಹಾಗಾಗಿ ನಮ್ಮ ಭಾಗದಲ್ಲಿ ಹಳೆಯ ಫೋಟೋ, ಹಳೆಯ ಕಾಗದ ಎಂಬುವು ಬರೀ ನೆನಪಿನ ಸಾಮಾನಲ್ಲ. ಪರಿಹಾರದ ನೋಟಿಸು, ಉತಾರ, ಹೊಸ ಪ್ಲಾಟಿನ ಹಕ್ಕುಪತ್ರ, ಇವು ಇದ್ದವರ ಮಾತು ಕಚೇರಿಯಲ್ಲಿ ನಡೆಯುತ್ತದೆ, ಇಲ್ಲದವರದು ನಡೆಯುವುದಿಲ್ಲ.

ಮಾಮು ಅಂಗಡಿಗೆ ಬಂದವರ ಕಾಗದವನ್ನು ಸ್ಕ್ಯಾನ್ ಮಾಡಿದಾಗ, ಅವರು ಹೂಂ ಅಂದರೆ ಒಂದು ಪ್ರತಿಯನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತಿದ್ದರು. ಜೊತೆಗೆ ಹಳೆಯ ಊರಿನ ಫೋಟೋಗಳು. ಬಾಗಿಲ ಚೌಕಟ್ಟಿನ ಮುಂದೆ ನಿಂತ ಮದುಮಗ, ಮೊಹರಂ ಅಲಾಯಿ ಕುಣಿಯ ಸುತ್ತ ಕುಣಿಯುವ ಎಲ್ಲ ಜಾತಿಯ ಹುಡುಗರು, ಈದ್ ದಿನದ ಸಾಲು. ಎಲ್ಲವೂ ಒಂದೇ ಹಾರ್ಡ್ ಡಿಸ್ಕಿನಲ್ಲಿ. ಒಂದು ದಿನ ಅದು ಟಕ್ ಟಕ್ ಎಂದಿತು, ಮರುದಿನ ಸುಮ್ಮನಾಯಿತು. ಹಳೆಯ ವರ್ಷಗಳದ್ದು ಬೇರೆ ಕಡೆ ಇತ್ತು, ಕೊನೆಯ ವರ್ಷದ್ದು ಪೂರ್ತಿ ಹೋಯಿತು. ತಿಂಗಳೊಳಗೆ ವಯಸ್ಸಾದ ಒಬ್ಬ ಅವ್ವ ಬಂದರು. ಅವರ ಮನೆಯ ಟ್ರಂಕಿಗೆ ಗೆದ್ದಲು ಹತ್ತಿ ಹಕ್ಕುಪತ್ರ ಪುಡಿಯಾಗಿತ್ತು. "ತಮ್ಮಾ, ಕಂಪ್ಯೂಟರಿನ್ಯಾಗ ಇಟ್ಟೀನಿ ಅಂದಿದ್ದೆಲ್ಲ, ತಗದು ಕೊಡಪಾ" ಅಂದರು. ಮಾಮು ಅವರಿಗೆ ಚಹಾ ತರಿಸಿದರು. ದೃಢೀಕೃತ ನಕಲಿಗೆ ಅರ್ಜಿ ಬರೆದುಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಆ ರಾತ್ರಿ ಊಟವನ್ನೂ ಮಾಡಲಿಲ್ಲ. ನಂಬಿ ಕೊಟ್ಟದ್ದು ಅಮಾನತ್, ಅದನ್ನು ಕಳೆದೆ ಎಂಬುದೊಂದೇ ಅವರ ಮಾತು.

ರಂಜಾನ್ ರಜೆಗೆ ಬೆಂಗಳೂರಿನಿಂದ ಖಾಲಾನ ಮಗ ಬಂದಿದ್ದರು. ನಾನು ಅವರನ್ನು ಭಾಯಿಜಾನ್ ಅನ್ನುತ್ತೇನೆ. ಅವರ ಕೆಲಸವೇ ಸರ್ವರ್ ನೋಡಿಕೊಳ್ಳುವುದು. ಅವರು ಹೇಳಿದ ಹೆಸರು ಗ್ಲಸ್ಟರ್.

ಇದರ ಕಥೆ ಕಾಮರ್ಸಿನವರು ಕೇಳಬೇಕಾದದ್ದು. ಗ್ನೂ ಮತ್ತು ಕ್ಲಸ್ಟರ್ ಎಂಬ ಎರಡು ಪದ ಸೇರಿ ಗ್ಲಸ್ಟರ್ ಆಗಿದೆ. ಆನಂದ್ ಬಾಬು ಪೆರಿಯಸಾಮಿ ಮತ್ತು ಹಿತೇಶ್ ಚೆಲ್ಲಾನಿ 2005ರಲ್ಲಿ ಕಂಪನಿ ಕಟ್ಟಿದರು. ಕೇಂದ್ರ ಕಚೇರಿ ಕ್ಯಾಲಿಫೋರ್ನಿಯಾದಲ್ಲಿ, ಎಂಜಿನಿಯರಿಂಗ್ ಕೇಂದ್ರ ನಮ್ಮ ಬೆಂಗಳೂರಿನಲ್ಲಿ. 2011ರ ಅಕ್ಟೋಬರಿನಲ್ಲಿ ರೆಡ್ ಹ್ಯಾಟ್ ಕಂಪನಿ ಇದನ್ನು ಸುಮಾರು 13.6 ಕೋಟಿ ಡಾಲರಿಗೆ ಕೊಂಡಿತು. ವಿಚಿತ್ರವೆಂದರೆ ಸಾಫ್ಟ್‌ವೇರ್ ಮುಕ್ತ ಪರವಾನಗಿಯದು. ಯಾರು ಬೇಕಾದರೂ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದು. ಹಾಗಾದರೆ ಅಷ್ಟು ದುಡ್ಡು ಕೊಟ್ಟು ಕೊಂಡದ್ದೇನು? ಕೆಲಸ ಬಲ್ಲ ಜನರನ್ನು, ಗ್ರಾಹಕರನ್ನು, ಹೆಸರನ್ನು. ಲೆಕ್ಕಶಾಸ್ತ್ರದಲ್ಲಿ ಗುಡ್‌ವಿಲ್ ಎಂದು ನಾವು ಬರೆಯುವ ಸಾಲಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಕೆಲಸ ಮಾಡುವ ರೀತಿ ಹೀಗೆ. ಪ್ರತಿ ಕಂಪ್ಯೂಟರಿನಲ್ಲಿ ಒಂದು ಫೋಲ್ಡರ್ ಬಿಟ್ಟುಕೊಡಬೇಕು. ಅದಕ್ಕೆ ಬ್ರಿಕ್, ಅಂದರೆ ಇಟ್ಟಿಗೆ, ಎನ್ನುತ್ತಾರೆ. ಇಟ್ಟಿಗೆಗಳು ಸೇರಿದರೆ ವಾಲ್ಯೂಮ್. ಬಳಸುವವನಿಗೆ ಕಾಣುವುದು ವಾಲ್ಯೂಮ್ ಒಂದೇ, ಇಟ್ಟಿಗೆ ಯಾವ ಕಂಪ್ಯೂಟರಿನಲ್ಲಿದೆ ಎಂಬುದು ಅವನಿಗೆ ಬೇಕಿಲ್ಲ. ಇಂಥ ಬೇರೆ ಕೆಲವು ವ್ಯವಸ್ಥೆಗಳಲ್ಲಿ ಯಾವ ಫೈಲ್ ಎಲ್ಲಿದೆ ಎಂದು ಬರೆದಿಡುವ ಪ್ರತ್ಯೇಕ ಸರ್ವರ್ ಇರುತ್ತದೆ, ತಲಾಠಿಯ ದಫ್ತರದ ಹಾಗೆ. ದಫ್ತರ ಸುಟ್ಟರೆ ಊರೇ ಕಾಣೆ. ಗ್ಲಸ್ಟರಿನಲ್ಲಿ ದಫ್ತರವಿಲ್ಲ. ಫೈಲಿನ ಹೆಸರಿನಿಂದಲೇ ಒಂದು ಸಂಖ್ಯೆ ಲೆಕ್ಕ ಹಾಕುತ್ತದೆ, ಆ ಸಂಖ್ಯೆ ಯಾವ ಇಟ್ಟಿಗೆಗಳ ಪಾಲಿನದೋ ಫೈಲ್ ಅಲ್ಲಿರುತ್ತದೆ. ಹೆಸರೇ ವಿಳಾಸ.

ಮಾಮು ಕೇಳಿದ್ದು ಒಂದೇ ಪ್ರಶ್ನೆ: ಎಷ್ಟು ಕಂಪ್ಯೂಟರ್ ಬೇಕು? ಒಂದು ಕಚೇರಿಯವರು ಹಳೆಯದೆಂದು ಮಾರಿದ 2 ಕಂಪ್ಯೂಟರ್ ನಮ್ಮಲ್ಲಿದ್ದವು. ಎರಡರಲ್ಲೂ ದೊಡ್ಡ ಡಿಸ್ಕ್ ಹಾಕಿದರೆ 2 ಪ್ರತಿ ಆಯಿತಲ್ಲ, ಸಾಕು ಎಂದು ಮಾಮು. 3 ಬೇಕು ಎಂದು ಭಾಯಿಜಾನ್. ಮೂರನೆಯದಕ್ಕೂ ಡಿಸ್ಕ್ ಕೊಂಡರೆ ಅಂಗಡಿಯ ಒಂದು ತಿಂಗಳ ಬಾಡಿಗೆ ಅದರಲ್ಲೇ ಹೋಗುತ್ತಿತ್ತು. ಮಾತು ಸ್ವಲ್ಪ ಬಿಸಿಯಾಯಿತು.

ಭಾಯಿಜಾನ್ ಉರ್ದುವಿನಲ್ಲಿ ಹೇಳಿದ್ದು ಇಷ್ಟು: "ದೋ ಮುನ್ಶಿ, ದೋ ಬಹಿ." ಇಬ್ಬರು ಗುಮಾಸ್ತರು, ಎರಡು ಖಾತೆ ಪುಸ್ತಕ. ಒಬ್ಬ ರಜೆ ಇದ್ದಾಗ ಇನ್ನೊಬ್ಬ ಒಂದು ನಮೂದು ತಿದ್ದಿದ. ಇವನು ರಜೆ ಹೋದಾಗ ಅವನು ಬಂದು ಅದೇ ನಮೂದನ್ನು ಬೇರೆ ರೀತಿ ತಿದ್ದಿದ. ಇಬ್ಬರೂ ಒಟ್ಟಿಗೆ ಕೂತಾಗ ಯಾರ ಪುಸ್ತಕ ಸರಿ? ಇಬ್ಬರೂ ನನ್ನದೇ ಅನ್ನುತ್ತಾರೆ. ಇದಕ್ಕೆ ಸ್ಪ್ಲಿಟ್ ಬ್ರೇನ್ ಎಂದು ಹೆಸರು. ಕರೆಂಟು ದಿನಕ್ಕೆ ಎಷ್ಟು ಸಲ ಹೋಗುತ್ತದೆ ಎಂದು ಲೆಕ್ಕ ಇಡದ ನಮ್ಮೂರಿನಲ್ಲಿ ಇದು ಎಂದೋ ಆಗುವ ಮಾತಲ್ಲ. ಬರೀ 2 ಪ್ರತಿಯ ವಾಲ್ಯೂಮ್ ಮಾಡಹೊರಟರೆ ಗ್ಲಸ್ಟರ್ ತಾನೇ ಎಚ್ಚರಿಸುತ್ತದೆ, ಮುಂದುವರಿಯಬೇಕೇ, ಹೌದೋ ಅಲ್ಲವೋ ಎಂದು ಕೇಳುತ್ತದೆ.

ಪರಿಹಾರ ಸಿಕ್ಕಿದ್ದು ಆರ್ಬಿಟರ್ ಎಂಬ ಏರ್ಪಾಟಿನಲ್ಲಿ. ಮೂರನೆಯ ಇಟ್ಟಿಗೆ ಫೈಲನ್ನು ಇಟ್ಟುಕೊಳ್ಳುವುದಿಲ್ಲ. ಫೈಲಿನ ಹೆಸರು, ಗುಣಲಕ್ಷಣ, ಯಾರ ಪ್ರತಿ ಹಿಂದೆ ಬಿದ್ದಿದೆ ಎಂಬ ಗುರುತು, ಇಷ್ಟೇ. ಅಲ್ಲಿ ತೆರೆದು ನೋಡಿದರೆ ಪ್ರತಿ ಫೈಲಿನ ಗಾತ್ರ ಸೊನ್ನೆ. ಹಣ ಮುಟ್ಟದ ಸಾಕ್ಷಿದಾರನಂತೆ. ಅದಕ್ಕೆ ದೊಡ್ಡ ಡಿಸ್ಕ್ ಬೇಡ. ಪರದೆ ಒಡೆದ ಹಳೆಯ ಲ್ಯಾಪ್‌ಟಾಪ್ ಸಾಕಾಯಿತು. 3ರಲ್ಲಿ 2 ಹಾಜರಿದ್ದರೆ ಕೋರಂ, ಬರೆಯಬಹುದು. ಒಂದೇ ಉಳಿದರೆ ಬರೆಯುವಂತಿಲ್ಲ. ಮಾಮು ಒಪ್ಪಿದರು. ಒಂದು ಕಂಪ್ಯೂಟರ್ ಅಂಗಡಿಯ ಹಿಂದೆ, ಒಂದು ಮಾಳಿಗೆಯಲ್ಲಿ, ಲ್ಯಾಪ್‌ಟಾಪ್ ಹಿಂದಿನ ಮನೆಯಲ್ಲಿ. ಕೌಂಟರಿನ ಕಂಪ್ಯೂಟರ್ ಬೇರೆ, ಅದು ಬಳಸುವುದಷ್ಟೇ.

ಇನ್ನು ಸ್ಕ್ರಿಪ್ಟ್. ನಮಗೆ ಒಂದು ವಾಲ್ಯೂಮ್ ಸಾಲದಾಗಿತ್ತು. ಫೋಟೋ ಎಲ್ಲರೂ ನೋಡಬಹುದು, ಜನರ ಕಾಗದ ಎಲ್ಲರೂ ನೋಡಬಾರದು. ಗ್ಲಸ್ಟರಿನಲ್ಲಿ ಯಾವ ಕಂಪ್ಯೂಟರಿಗೆ ಪ್ರವೇಶ ಎಂಬುದನ್ನು ವಾಲ್ಯೂಮಿಗೊಂದರಂತೆ ನಿಗದಿ ಮಾಡಬಹುದು. ಅದಕ್ಕಾಗಿ ಫೋಟೋ, ಕಾಗದ್, ಆವಾಜ್ ಎಂದು 3 ವಾಲ್ಯೂಮ್. ಪ್ರತಿಯೊಂದಕ್ಕೂ ಉದ್ದುದ್ದ ಆಜ್ಞೆಗಳು, ಒಂದು ಅಕ್ಷರ ಆಚೀಚೆ ಆಗಬಾರದು. ಹಾಗಾಗಿ ಆಜ್ಞೆಗಳನ್ನು ಕೈಯಿಂದ ಹೊಡೆಯುವ ಬದಲು ಒಂದು ಫೈಲಿನಲ್ಲಿ ಬರೆದು ಓಡಿಸುವುದು. ವಾಲ್ಯೂಮುಗಳ ಹೆಸರಿನ ಪಟ್ಟಿ ಒಂದು ಕಡೆ. ಸ್ಕ್ರಿಪ್ಟ್ ಆ ಪಟ್ಟಿಯನ್ನು ಸಾಲುಸಾಲಾಗಿ ಓದುತ್ತದೆ, ಈ ಹೆಸರಿನದು ಆಗಲೇ ಇದೆಯೇ ಎಂದು ನೋಡುತ್ತದೆ, ಇದ್ದರೆ ಮುಟ್ಟದೆ ಮುಂದಕ್ಕೆ ಹೋಗುತ್ತದೆ, ಇಲ್ಲದಿದ್ದರೆ ಕಟ್ಟುತ್ತದೆ, ಪ್ರವೇಶದ ನಿಯಮ ಹಾಕುತ್ತದೆ, ಶುರು ಮಾಡುತ್ತದೆ. ಎಷ್ಟು ಸಲ ಓಡಿಸಿದರೂ ಫಲ ಒಂದೇ.

ಇದರಲ್ಲಿ ಇಟ್ಟಿಗೆಗಳ ಕ್ರಮ ಮುಖ್ಯ. ಆಜ್ಞೆಯಲ್ಲಿ ಮೂರನೆಯದಾಗಿ ಬರೆದದ್ದೇ ಸಾಕ್ಷಿ. ಕ್ರಮ ತಪ್ಪಿದರೆ ದೊಡ್ಡ ಡಿಸ್ಕ್ ಖಾಲಿ ಕೂತು ಪುಟ್ಟ ಲ್ಯಾಪ್‌ಟಾಪ್ ತುಂಬಿಹೋಗುತ್ತದೆ. ಕೈಯಿಂದ ಮೂರು ಸಲ ಬರೆಯುವಾಗ ತಪ್ಪಬಹುದು, ಸ್ಕ್ರಿಪ್ಟಿನಲ್ಲಿ ಒಮ್ಮೆ ಸರಿಯಿದ್ದರೆ ಯಾವಾಗಲೂ ಸರಿ.

ಭಾಯಿಜಾನ್ ಒಂದು ವಿಷಯದಲ್ಲಿ ಬಹಳ ಬಿಗಿ. ಗ್ಲಸ್ಟರಿಗೆ ಸ್ಕ್ರಿಪ್ಟ್ ಮೋಡ್ ಎಂಬುದಿದೆ. ಹಾಗೆ ಓಡಿಸಿದರೆ ಅದು ಹೌದೋ ಅಲ್ಲವೋ ಎಂದು ಕೇಳುವುದೇ ಇಲ್ಲ, ಎಲ್ಲಕ್ಕೂ ಹೌದು ಎಂದುಕೊಂಡು ನಡೆಯುತ್ತದೆ. ರಾತ್ರಿ ಯಾರೂ ಇಲ್ಲದಾಗ ಕೆಲಸ ನಡೆಯಬೇಕಾದರೆ ಇದು ಬೇಕು. ಆದರೆ ವಾಲ್ಯೂಮ್ ನಿಲ್ಲಿಸುವ, ಅಳಿಸುವ ಆಜ್ಞೆಗಳನ್ನು ಅವರು ಸ್ಕ್ರಿಪ್ಟಿನಲ್ಲಿ ಸೇರಿಸಲು ಬಿಡಲಿಲ್ಲ. ಅವನ್ನು ಮನುಷ್ಯನೇ ಕೂತು, ಪ್ರಶ್ನೆ ಓದಿ, ಉತ್ತರ ಕೊಡಬೇಕು. ಫೋರ್ಸ್ ಎಂಬ ಪದವೂ ನಿಷಿದ್ಧ. ಒಂದೇ ಯಂತ್ರದಲ್ಲಿ ಎರಡೂ ಪ್ರತಿ ಇಡಹೊರಟಾಗ ಗ್ಲಸ್ಟರ್ ಬೇಡ ಅನ್ನುತ್ತದೆ. ಕೊನೆಗೆ ಫೋರ್ಸ್ ಎಂದು ಸೇರಿಸಿದರೆ ಸುಮ್ಮನೆ ಮಾಡಿಕೊಡುತ್ತದೆ. ಬ್ಲಾಂಕ್ ಚೆಕ್ಕಿಗೆ ಸಹಿ ಹಾಕಿ ಡ್ರಾಯರಿನಲ್ಲಿ ಇಟ್ಟ ಹಾಗೆ ಎಂದು ನನಗನ್ನಿಸಿತು.

ನಾನು ಬರೆದದ್ದು ಎರಡನೆಯ ಸ್ಕ್ರಿಪ್ಟ್. ನಾನು ಸಿ.ಇ.ಬಿ.ಎ. ತೆಗೆದುಕೊಂಡದ್ದರಿಂದ ಲೂಪ್, ಷರತ್ತು ಇವೆಲ್ಲ ಗೊತ್ತಿತ್ತು. ಒಂದು ಕಂಪ್ಯೂಟರ್ ಆರಿ ಮತ್ತೆ ಹತ್ತಿದಾಗ, ಅದು ಇಲ್ಲದಾಗ ನಡೆದ ಬದಲಾವಣೆಗಳು ಅದಕ್ಕೆ ನಕಲಾಗಬೇಕು. ಇದಕ್ಕೆ ಹೀಲ್, ಗಾಯ ಮಾಯುವುದು, ಎನ್ನುತ್ತಾರೆ. ಇನ್ನೂ ಎಷ್ಟು ಫೈಲ್ ಬಾಕಿ ಎಂದು ಗ್ಲಸ್ಟರ್ ಇಟ್ಟಿಗೆವಾರು ಹೇಳುತ್ತದೆ. ಬಾಕಿ ಇರುವಾಗಲೇ ಇನ್ನೊಂದು ಕಂಪ್ಯೂಟರನ್ನು ಆರಿಸಿದರೆ ಹೊಸ ಪ್ರತಿ ಮರೆಯಾಗಿ ಹಳತು ಉಳಿಯುತ್ತದೆ. ನನ್ನ ಸ್ಕ್ರಿಪ್ಟ್ 3 ವಾಲ್ಯೂಮಿನ ಬಾಕಿ ಕೂಡಿಸುತ್ತದೆ. ಸೊನ್ನೆ ಆಗಿದ್ದರೆ "ಈಗ ಆರಿಸಬಹುದು" ಎನ್ನುತ್ತದೆ. ಇಲ್ಲದಿದ್ದರೆ 60 ಸೆಕೆಂಡು ಕಾದು ಮತ್ತೆ ಎಣಿಸುತ್ತದೆ. 20 ಸಾಲೂ ಇಲ್ಲ. ಆದರೆ ಮಾಮು ಧೂಳು ಹೊಡೆಯುವ ಮೊದಲು ಈಗ ಅದನ್ನು ಓಡಿಸಿಯೇ ಯಂತ್ರ ಮುಟ್ಟುವುದು.

ಮಳೆಗಾಲದಲ್ಲಿ ನಿಜವಾದ ಪರೀಕ್ಷೆ ಬಂತು. ಮಾಳಿಗೆಯ ಕಂಪ್ಯೂಟರ್ ಮಧ್ಯಾಹ್ನವೇ ಆರಿತ್ತು. ಕೆಳಗಿನದು ಮತ್ತು ಸಾಕ್ಷಿ ಇದ್ದುದರಿಂದ ಕೆಲಸ ನಡೆಯಿತು, ಮಾಮು ಆ ದಿನದ ಕಾಗದಗಳ ಪಟ್ಟಿಯಲ್ಲಿ ಹೊಸ ಹೆಸರು ಸೇರಿಸಿದರು. ಸಂಜೆ ಕೆಳಗಿನದು ಆರಿತು, ಮಾಳಿಗೆಯದು ಹತ್ತಿತು. ಈಗಲೂ 2 ಹಾಜರು, ಕೋರಂ ಇದೆ. ಆದರೂ ಪಟ್ಟಿಯ ಫೈಲ್ ತೆರೆಯಲಿಲ್ಲ. ಕೌಂಟರಿನಲ್ಲಿ ಗಿರಾಕಿ, ಹೊರಗೆ ಮಳೆ, ಮಾಮುವಿಗೆ ಸಿಟ್ಟು. "ಯಂತ್ರ ಚಾಲೂ ಅದ, ಫೈಲೂ ಅದ, ಕೊಡಲ್ಲ ಅಂದ್ರೇನು?" ಅಂದರು. ಕೊಡದಿದ್ದಕ್ಕೆ ಕಾರಣ ಸಾಕ್ಷಿ. ಈ ಮಾಳಿಗೆಯ ಪ್ರತಿ ಮಧ್ಯಾಹ್ನದ್ದು, ಆಮೇಲೆ ಬದಲಾವಣೆ ಆಗಿದೆ ಎಂದು ಅದರಲ್ಲಿ ಗುರುತಿತ್ತು. ಹಳೆಯದನ್ನು ಹೊಸದೆಂದು ಕೊಡುವುದಕ್ಕಿಂತ ಇಲ್ಲ ಎನ್ನುವುದೇ ಸರಿ ಎಂದು ಅದು ತೀರ್ಮಾನಿಸಿತ್ತು. ಒಂದು ತಾಸು ಕಾದೆವು. ಕೆಳಗಿನದು ಹತ್ತಿತು. ಸ್ಕ್ರಿಪ್ಟ್ ಓಡಿಸಿದೆ: 37, 12, 0. ಪಟ್ಟಿ ತೆರೆಯಿತು, ಮಧ್ಯಾಹ್ನದ ಹೆಸರು ಅಲ್ಲೇ ಇತ್ತು. ಸಭೆಯಲ್ಲಿ ತಲೆ ಎಣಿಸಿದರಷ್ಟೇ ಸಾಲದು, ಹಾಜರಿದ್ದವನ ಕೈಲಿ ಇರುವ ಪುಸ್ತಕ ಇಂದಿನದೋ ಎಂದೂ ನೋಡಬೇಕು. ಇದು ಕಾಯ್ದೆಯಲ್ಲಿ ಬರೆದಿಲ್ಲ.

ಒಂದು ಚಿಂತೆ ಉಳಿದಿತ್ತು. ರೆಡ್ ಹ್ಯಾಟ್ 2014ರಲ್ಲಿ ಸೆಫ್ ಎಂಬ ಇನ್ನೊಂದು ವ್ಯವಸ್ಥೆಯ ಕಂಪನಿಯಾದ ಇಂಕ್‌ಟ್ಯಾಂಕನ್ನು ಸುಮಾರು 17.5 ಕೋಟಿ ಡಾಲರಿಗೆ ಕೊಂಡಿತು. 2019ರಲ್ಲಿ ರೆಡ್ ಹ್ಯಾಟನ್ನೇ ಐಬಿಎಂ ಸುಮಾರು 3,400 ಕೋಟಿ ಡಾಲರಿಗೆ ಕೊಂಡಿತು. ಗ್ಲಸ್ಟರಿನ ವಾಣಿಜ್ಯ ಆವೃತ್ತಿಗೆ ಕೊಡುತ್ತಿದ್ದ ಬೆಂಬಲ 2024ರ ಡಿಸೆಂಬರ್ 31ಕ್ಕೆ ಮುಗಿಯಿತು. ಪೆರಿಯಸಾಮಿಯವರು 2014ರಲ್ಲೇ ಮಿನಿಯೋ ಎಂಬ ಬೇರೆ ಕಂಪನಿ ಕಟ್ಟಿದ್ದರು. ಕಂಪನಿ ಕೈಬಿಟ್ಟದ್ದನ್ನು ನಾವು ಏಕೆ ಹಿಡಿಯಬೇಕು ಎಂದು ನಾನು ಕೇಳಿದೆ. ಭಾಯಿಜಾನ್ ಉತ್ತರ ಕೊಡದೆ ಇಟ್ಟಿಗೆಯ ಫೋಲ್ಡರನ್ನು ತೆರೆದು ತೋರಿಸಿದರು. ಅಲಾಯಿ ಕುಣಿತದ ಫೋಟೋ ಮಾಮೂಲಿ ಫೋಟೋ ಆಗಿಯೇ ಅಲ್ಲಿತ್ತು. ನಮ್ಮಂಥ ಪ್ರತಿ ಇಡುವ ವಾಲ್ಯೂಮಿನಲ್ಲಿ ಫೈಲನ್ನು ಚೂರು ಮಾಡಿ ಬಚ್ಚಿಡುವುದಿಲ್ಲ. ನಾಳೆ ಗ್ಲಸ್ಟರ್ ತೆಗೆದು ಹಾಕಿದರೂ, ವಾಲ್ಯೂಮನ್ನೇ ಅಳಿಸಿದರೂ, ಇಟ್ಟಿಗೆಯಲ್ಲಿ ಫೈಲುಗಳು ಹಾಗೇ ಇರುತ್ತವೆ. ಇಷ್ಟು ಸಾಕು ಎಂದು ನನಗೂ ಅನ್ನಿಸಿತು, ಮಾಮುವಿಗೂ.

ಆದರೆ ಯಾರಾದರೂ ವಾಲ್ಯೂಮಿನೊಳಗಿಂದ ಒಂದು ಫೋಟೋ ಅಳಿಸಿದರೆ ಎರಡೂ ಪ್ರತಿಯಿಂದ ಅದೇ ಕ್ಷಣ ಹೋಗುತ್ತದೆ. ಗ್ಲಸ್ಟರ್ ಡಿಸ್ಕ್ ಸತ್ತಾಗ ಕಾಯುತ್ತದೆ, ಕೈ ತಪ್ಪಿದಾಗ ಕಾಯುವುದಿಲ್ಲ. ಅದಕ್ಕೆ ಬೇರೆ ಏರ್ಪಾಟು ಬೇಕಾಯಿತು. ಪ್ರತಿ ಶುಕ್ರವಾರ ಜುಮಾ ನಮಾಜಿನ ನಂತರ ಒಂದು ಬಾಹ್ಯ ಡಿಸ್ಕಿಗೆ ಎಲ್ಲವನ್ನೂ ನಕಲು ಮಾಡಿ ನಾನಿಯ ಅಲ್ಮಾರಿಯಲ್ಲಿ, ಅವರ ನಿಕಾಹ್ ಸೀರೆಯ ಕೆಳಗೆ ಇಡುತ್ತೇನೆ. ಬಾಗಿಲ ಹಿಂದೆ ತೂಗುಹಾಕಿದ ನೋಟ್‌ಬುಕ್ಕಿನಲ್ಲಿ ತಾರೀಕು, ಫೈಲುಗಳ ಸಂಖ್ಯೆ, ನನ್ನ ಸಹಿ. ಪಕ್ಕದ ಕಾಲಂನಲ್ಲಿ ನಾನಿ ಉರ್ದುವಿನಲ್ಲಿ ಸಹಿ ಹಾಕುತ್ತಾರೆ. ಆ ಹಕ್ಕುಪತ್ರದ ಅವ್ವನಿಗೆ ದೃಢೀಕೃತ ನಕಲು ಸಿಕ್ಕಿತು, ಅದನ್ನು ಸ್ಕ್ಯಾನ್ ಮಾಡಿಸಲು ಮತ್ತೆ ಮಾಮುವಿನ ಅಂಗಡಿಗೇ ಬಂದರು. ಕಾಗದ್ ವಾಲ್ಯೂಮಿನಲ್ಲಿ ಈಗ ಅದು 1,146ನೆಯ ಫೈಲ್.