ದಕ್ಷಿಣ ಬೆಂಗಳೂರಿನ ಬಡಾವಣೆಗಳು: ಬೆಳೆದ ಊರು, ಸವೆದ ನೆರೆಹೊರೆ

ಬೆಂಗಳೂರಿನ ಜಯನಗರದ ಅಂಚಿನಲ್ಲಿರುವ ಒಂದು ವೃತ್ತವನ್ನು ಜನ ಇಂದಿಗೂ ಸೌತ್ ಎಂಡ್ ಎಂದೇ ಕರೆಯುತ್ತಾರೆ. ದಕ್ಷಿಣದ ತುದಿ ಎಂಬುದು ಅದರ ಅರ್ಥ. ಒಂದು ಕಾಲಕ್ಕೆ ನಗರವು ನಿಜಕ್ಕೂ ಅಲ್ಲಿಗೆ ಮುಗಿಯುತ್ತಿತ್ತು. ಅದರಾಚೆಗೆ ಇದ್ದುದು ಹೊಲ, ಕೆರೆ, ಹೂದೋಟ ಮತ್ತು ಚಿಕ್ಕ ಚಿಕ್ಕ ಹಳ್ಳಿಗಳು. ಇಂದು ಅದೇ ವೃತ್ತದ ಮೆಟ್ರೊ ನಿಲ್ದಾಣದಲ್ಲಿ ರೈಲು ಹತ್ತಿದರೆ ಜಯನಗರ, ಬನಶಂಕರಿ, ಜೆ.ಪಿ.ನಗರ, ಯಲಚೇನಹಳ್ಳಿಗಳನ್ನು ದಾಟಿ ರೇಷ್ಮೆ ಸಂಸ್ಥೆಯವರೆಗೂ ಹೋಗಬಹುದು. ದಾರಿಯುದ್ದಕ್ಕೂ ಕಟ್ಟಡಗಳ ಸಾಲು ತುಂಡರಿಸುವುದಿಲ್ಲ. ತುದಿಯು ನಡುವಾದ ಈ ಕಥೆಯಲ್ಲಿ ಯಾರು ಉಳಿದರು, ಯಾರು ಹೊರನಡೆದರು ಎಂಬುದನ್ನು ತಿಳಿಯುವುದು ಈ ಭಾಗದಲ್ಲಿ ಮನೆ ಮಾಡಿಕೊಂಡಿರುವ ನಮಗೆಲ್ಲರಿಗೂ ಅವಶ್ಯವಾಗಿದೆ.

ಜಯನಗರವು ೧೯೪೮ರಲ್ಲಿ ಯೋಜಿತ ಬಡಾವಣೆಯಾಗಿ ಆರಂಭವಾಯಿತು. ಅಂದಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರು ಉದ್ಘಾಟಿಸಿದ ಅಶೋಕ ಸ್ತಂಭವು ಒಂದನೆಯ ಬ್ಲಾಕಿನಲ್ಲಿ ಅದಕ್ಕೆ ಸಾಕ್ಷಿಯಾಗಿ ನಿಂತಿದೆ. ಆದರೆ ಬಡಾವಣೆ ಬಂದದ್ದು ಬರಿದಾದ ನೆಲದ ಮೇಲಲ್ಲ. ಸಿದ್ದಾಪುರ, ಕನಕನಪಾಳ್ಯ, ಬೈರಸಂದ್ರ, ಯಡಿಯೂರು, ಮಾರೇನಹಳ್ಳಿ, ಸಾರಕ್ಕಿ ಮುಂತಾದ ಗ್ರಾಮಗಳು ಮೊದಲಿನಿಂದಲೂ ಅಲ್ಲಿದ್ದವು. ಬಿ.ಟಿ.ಎಂ. ಎಂಬ ಮೂರು ಅಕ್ಷರಗಳಲ್ಲಿಯೂ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು ಅಡಗಿ ಕುಳಿತಿವೆ. ಅಲ್ಲಿ ವಾಸಿಸುವ ಎಷ್ಟೋ ತರುಣರಿಗೆ ಈ ಸಂಗತಿ ತಿಳಿಯದು. ಹೊಲಗಳು ಹೋದ ಮೇಲೆ ಉಳಿದದ್ದು ಹಳೆಯ ಗ್ರಾಮಠಾಣ, ಅದರ ಕಿರಿದಾದ ಓಣಿಗಳು ಹಾಗೂ ಗ್ರಾಮದೇವತೆಯ ಗುಡಿ. ನೇರವಾದ ಅಗಲ ರಸ್ತೆಯಲ್ಲಿ ನಡೆಯುತ್ತಿರುವಾಗ ಥಟ್ಟನೆ ಡೊಂಕಾದ ಓಣಿಯೊಂದು ಎದುರಾದರೆ, ಅಲ್ಲಿ ಹಳೆಯ ಹಳ್ಳಿಯೊಂದು ಇನ್ನೂ ಉಸಿರಾಡುತ್ತಿದೆಯೆಂದು ಭಾವಿಸಬಹುದು. ಲಾಲ್‌ಬಾಗಿನ ಮಗ್ಗುಲಲ್ಲಿರುವ ಸಿದ್ದಾಪುರದ ಸಸಿತೋಟಗಳು ಆ ಹಳೆಯ ಬದುಕನ್ನು ನೆನಪಿಗೆ ತರುತ್ತವೆ.

ಹೀಗೆ ರೂಪುಗೊಂಡ ಬಡಾವಣೆಗಳಿಗೆ ಬಂದು ನೆಲೆಸಿದವರು ಬಹುಮಟ್ಟಿಗೆ ಮಧ್ಯಮ ವರ್ಗದವರು. ೧೯೫೬ರಲ್ಲಿ ರಾಜ್ಯ ಒಂದುಗೂಡಿದ ಮೇಲೆ ಧಾರವಾಡ, ವಿಜಯಪುರ, ಕಲಬುರಗಿ, ಬೆಳಗಾವಿಯ ಕಡೆಯಿಂದ ಸರ್ಕಾರಿ ನೌಕರಿಯ ನಿಮಿತ್ತ ರಾಜಧಾನಿಗೆ ಬಂದ ಕುಟುಂಬಗಳೂ ಅವರಲ್ಲಿ ಸೇರಿದ್ದವು. ನಮ್ಮ ಓದುಗರಲ್ಲಿ ಅನೇಕರ ತಂದೆತಾಯಿಗಳು ಮೂವತ್ತು ನಲವತ್ತರ ನಿವೇಶನವೊಂದರಲ್ಲಿ ಸಾಲ ಮಾಡಿ ಮನೆ ಕಟ್ಟಿದವರು. ಮುಂದೆ ತುಳಸಿಯೋ ಬಿಲ್ವವೋ, ಹಿಂದೆ ತೆಂಗಿನ ಮರ, ಮೇಲೆ ಒಂದು ಬಾಡಿಗೆಯ ಭಾಗ, ಇಷ್ಟೇ ಆ ಮನೆಯ ವೈಭವ. ಬಾಡಿಗೆಗೆ ಬಂದ ಶಿಕ್ಷಕ, ಗುಮಾಸ್ತ, ಕಾರ್ಖಾನೆಯ ಕೆಲಸಗಾರರು ಹತ್ತಾರು ವರ್ಷ ಅಲ್ಲಿಯೇ ಇದ್ದು ಮನೆಯವರಂತೆಯೇ ಆಗಿಬಿಡುತ್ತಿದ್ದರು.

ಎಪ್ಪತ್ತರ ದಶಕದಲ್ಲಿ ತಲೆಯೆತ್ತಿದ ನಾಲ್ಕನೆಯ ಬ್ಲಾಕಿನ ವಾಣಿಜ್ಯ ಸಂಕೀರ್ಣವು ಈ ಸಂಸಾರಗಳ ಪೇಟೆಯಾಗಿತ್ತು. ಜನತಾ ಬಜಾರು, ತರಕಾರಿ ಕಟ್ಟೆ, ಪುಟ್ಟಣ್ಣ ಕಣಗಾಲರ ಹೆಸರು ಹೊತ್ತ ಚಿತ್ರಮಂದಿರ ಎಲ್ಲವೂ ಒಂದೆಡೆ ಕೂಡಿದ್ದವು. ಆ ಚಿತ್ರಮಂದಿರ ಈಗಿಲ್ಲ. ಆಸುಪಾಸಿನ ಶಾಂತಿ, ನಂದಾ, ಸ್ವಾಗತ್ ಚಿತ್ರಮಂದಿರಗಳೂ ಇಲ್ಲ. ಸ್ವಾಗತ್ ಇದ್ದ ಸ್ಥಳದಲ್ಲಿ ಮಾಲ್ ಎದ್ದಿದೆ. ಸಂಕೀರ್ಣದ ಸುತ್ತ ಪಾದಚಾರಿ ಮಾರ್ಗದಲ್ಲಿ ಹೂವು, ಬಳೆ, ಬಟ್ಟೆ ಮಾರಿ ಬದುಕುತ್ತಿದ್ದ ವ್ಯಾಪಾರಿಗಳನ್ನು ೨೦೨೩ರಲ್ಲಿ ಪಾಲಿಕೆ ತೆರವುಗೊಳಿಸಿತು. ನಡೆಯಲು ದಾರಿ ಬೇಕೆಂಬ ವೃದ್ಧರ ಕೋರಿಕೆ ನ್ಯಾಯವಾದುದೇ. ಆದರೆ ಬೀದಿ ವ್ಯಾಪಾರಿಗಳ ಸಮೀಕ್ಷೆ ನಡೆಸಿ, ಪ್ರಮಾಣಪತ್ರ ನೀಡಿ, ಮಾರಾಟದ ಸ್ಥಳವನ್ನು ಗೊತ್ತುಪಡಿಸಬೇಕೆಂದು ೨೦೧೪ರ ಕೇಂದ್ರ ಕಾಯಿದೆ ಹೇಳುತ್ತದೆ ಎಂಬುದೂ ಅಷ್ಟೇ ನಿಜ. ದಾರಿಯನ್ನೂ ಉಳಿಸಿ ಅನ್ನವನ್ನೂ ಉಳಿಸುವ ಬುದ್ಧಿವಂತಿಕೆಯನ್ನು ನಗರವು ಇನ್ನೂ ಕಲಿಯಬೇಕಾಗಿದೆ.

ಸಿರಿವಂತರು ಬಂದು ನೆಲೆಸಿದಂತೆ ಬೆಲೆಗಳು ಏರಿ, ಮೊದಲಿದ್ದವರು ಸದ್ದಿಲ್ಲದೆ ಜಾಗ ಖಾಲಿ ಮಾಡುವ ಈ ಕ್ರಿಯೆಗೆ ರೂತ್ ಗ್ಲಾಸ್ ಎಂಬ ಸಮಾಜಶಾಸ್ತ್ರಜ್ಞೆ ೧೯೬೪ರಲ್ಲಿ ಲಂಡನ್ ನಗರವನ್ನು ಕುರಿತು ಬರೆಯುವಾಗ ಜೆಂಟ್ರಿಫಿಕೇಶನ್ ಎಂದು ಹೆಸರಿಟ್ಟರು. ನಮ್ಮಲ್ಲಿ ಅದು ನಡೆಯುವ ಬಗೆ ತುಸು ಬೇರೆ. ಹಿರಿಯರು ಕಾಲವಾಗುತ್ತಾರೆ, ಮಕ್ಕಳು ಹೊರದೇಶದಲ್ಲಿರುತ್ತಾರೆ, ಒಂದೇ ಮನೆಯನ್ನು ಮೂರು ಪಾಲು ಮಾಡಲಾಗುವುದಿಲ್ಲ. ಆಗ ಕಟ್ಟಡ ನಿರ್ಮಿಸುವವರೊಡನೆ ಒಪ್ಪಂದವಾಗಿ ಮನೆ ಉರುಳುತ್ತದೆ, ನಾಲ್ಕು ಅಂತಸ್ತು ಏಳುತ್ತದೆ. ಮೇಲಿನ ಭಾಗದ ಬಾಡಿಗೆದಾರನಿಗೆ ಹಿಂದಿನ ದರದಲ್ಲಿ ಆ ಸುತ್ತಿನಲ್ಲಿ ಮತ್ತೊಂದು ಮನೆ ದೊರೆಯದು. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ಬೆಂಗಳೂರಿನ ರೂಢಿಯೂ ಅವನ ಬೆನ್ನು ಮುರಿಯುತ್ತದೆ. ಮುಖ್ಯ ರಸ್ತೆಯಲ್ಲಿ ಕೆಳಅಂತಸ್ತು ಕಾಫಿ ಮಂದಿರಕ್ಕೋ ಬಟ್ಟೆಯಂಗಡಿಗೋ ಹೋಗುತ್ತದೆ. ಇಸ್ತ್ರಿಯವನು, ಚಪ್ಪಲಿ ಹೊಲಿಯುವವನು, ದಿನಸಿ ಅಂಗಡಿಯವನು, ಜೋಳದ ರೊಟ್ಟಿಯ ಖಾನಾವಳಿ ನಡೆಸುವ ತಾಯಿ ಒಬ್ಬೊಬ್ಬರಾಗಿ ಹಿಂದಿನ ಓಣಿಗೆ, ಅಲ್ಲಿಂದ ಊರಾಚೆಗೆ ಸರಿಯುತ್ತಾರೆ. ಯಾರೂ ಅವರನ್ನು ಹೊಡೆದಟ್ಟಲಿಲ್ಲ, ಆದರೂ ಅವರಿಗೆ ಅಲ್ಲಿ ಇರಲಾಗಲಿಲ್ಲ.

ಬಿ.ಟಿ.ಎಂ. ಬಡಾವಣೆಯಲ್ಲಿ ಈ ಬದಲಾವಣೆ ಮತ್ತೊಂದು ರೂಪ ತಾಳಿದೆ. ಹೊಸೂರು ರಸ್ತೆ, ಬನ್ನೇರುಘಟ್ಟ ರಸ್ತೆ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಿಗೆ ಹೋಗುವ ಯುವಜನರಿಗಾಗಿ ಓಣಿ ಓಣಿಯಲ್ಲಿ ಪೇಯಿಂಗ್ ಗೆಸ್ಟ್ ವಸತಿಗಳಾಗಿವೆ. ಒಂದು ಸಂಸಾರ ಕೊಡುವ ಬಾಡಿಗೆಗಿಂತ ಹಾಸಿಗೆಯ ಲೆಕ್ಕದಲ್ಲಿ ಬರುವ ಹಣ ಹೆಚ್ಚು. ಆದಕಾರಣ ಮಕ್ಕಳೊಂದಿಗರಿಗೆ ಮನೆ ಸಿಗುವುದು ಕಷ್ಟವಾಗಿದೆ. ಆದರೂ ಆ ವಸತಿಗಳಲ್ಲಿ ಇರುವವರು ಕೂಡ ರಾಯಚೂರು, ಬೀದರ, ಹಾವೇರಿಯಿಂದ ದುಡಿಯಲು ಬಂದ ಮಕ್ಕಳೇ. ಅವರನ್ನು ಹೊರಗಿನವರೆಂದು ದೂಷಿಸುವುದು ಸಲ್ಲದು. ನಮ್ಮ ಹಿರಿಯರೂ ಒಂದು ದಿನ ಹಾಗೆಯೇ ಟ್ರಂಕು ಹಿಡಿದು ಬಂದಿಳಿದವರು.

೨೦೧೭ರ ಜೂನ್ ತಿಂಗಳಲ್ಲಿ ಹಸಿರು ಮಾರ್ಗವೂ ೨೦೨೫ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗವೂ ತೆರೆದವು. ಸಂಚಾರ ಸುಗಮವಾಯಿತು, ಸಂತೋಷ. ಆದರೆ ನಿಲ್ದಾಣ ಬಂದ ಕಡೆ ನೆಲದ ಬೆಲೆ ಏರುತ್ತದೆ. ೨೦೨೫ರ ಫೆಬ್ರವರಿಯ ದರ ಏರಿಕೆಯಲ್ಲಿ ಗರಿಷ್ಠ ಪ್ರಯಾಣದರ ೬೦ ರೂಪಾಯಿಯಿಂದ ೯೦ಕ್ಕೆ ಹೋಯಿತು. ಮನೆಗೆಲಸಕ್ಕೆ ಬರುವ ತಾಯಂದಿರು ಮೆಟ್ರೊ ಕಂಬಗಳ ಕೆಳಗೆ ಬಸ್ಸಿಗಾಗಿಯೇ ಕಾಯುತ್ತಾರೆ. ೨೦೨೩ರಿಂದ ರಾಜ್ಯದಲ್ಲಿ ಮಹಿಳೆಯರಿಗೆ ಬಸ್ ಪ್ರಯಾಣ ಉಚಿತವಾದುದು ಅವರ ಪಾಲಿಗೆ ದೊಡ್ಡ ಆಸರೆಯಾಗಿದೆ.

ಜೆ.ಪಿ.ನಗರದ ಕಡೆಗೆ ನಡೆದರೆ ಕೆರೆಗಳ ಕಥೆ ಎದುರಾಗುತ್ತದೆ. ಏಳನೆಯ ಹಂತದ ಪುಟ್ಟೇನಹಳ್ಳಿ ಕೆರೆ ಸಾಯುವ ಸ್ಥಿತಿಯಲ್ಲಿದ್ದಾಗ ನೆರೆಯ ನಿವಾಸಿಗಳೇ ೨೦೧೦ರ ಸುಮಾರಿಗೆ ಸಂಘಟಿತರಾಗಿ ಅದನ್ನು ಉಳಿಸಿಕೊಂಡರು. ಇದು ಮೆಚ್ಚತಕ್ಕ ಕಾರ್ಯ. ಆದರೆ ಕೆರೆ ಚೆಂದವಾದಷ್ಟೂ ಅದಕ್ಕೆ ಮುಖ ಮಾಡಿದ ಮನೆಗಳ ಬೆಲೆ ಏರುತ್ತದೆ, ದಂಡೆಯ ಗುಡಿಸಲಿನವರಿಗೆ ಅಲ್ಲಿ ಜಾಗ ಕಿರಿದಾಗುತ್ತದೆ ಎಂಬ ಕಹಿಸತ್ಯವನ್ನೂ ಮರೆಯುವಂತಿಲ್ಲ. ಸಾರಕ್ಕಿ ಕೆರೆಯಂಗಳದ ಒತ್ತುವರಿಯನ್ನು ೨೦೧೫ರ ಏಪ್ರಿಲ್‌ನಲ್ಲಿ ಜಿಲ್ಲಾಡಳಿತ ತೆರವುಗೊಳಿಸಿದಾಗ, ಉಳಿತಾಯವನ್ನೆಲ್ಲ ಸುರಿದು ಮನೆ ಕೊಂಡಿದ್ದ ಕುಟುಂಬಗಳು ಬೀದಿಗೆ ಬಂದವು. ಕೆರೆ ಕೆರೆಯಾಗಿಯೇ ಉಳಿಯಬೇಕು. ಆದರೆ ಅಲ್ಲಿ ನಿವೇಶನ ಮಾಡಿ ಮಾರಿದವರು ದಂಡ ತೆರದೆ ಕೊಂಡವರು ಮಾತ್ರ ತೆರುವುದು ಯಾವ ನ್ಯಾಯ? ದಕ್ಷಿಣದ ಮಗ್ಗುಲಲ್ಲಿಯೇ ಇರುವ ಈಜಿಪುರದಲ್ಲಿ ೨೦೧೩ರ ಜನವರಿಯ ಚಳಿಯಲ್ಲಿ ಆರ್ಥಿಕವಾಗಿ ಹಿಂದುಳಿದವರ ವಸತಿಯನ್ನು ನೆಲಸಮ ಮಾಡಿದ್ದನ್ನೂ ಇಲ್ಲಿ ಸ್ಮರಿಸಬೇಕು.

ಬೆಳವಣಿಗೆಯಿಂದ ಒಳಿತೇ ಆಗಿಲ್ಲವೆಂದು ನಾವು ಹೇಳುವುದಿಲ್ಲ. ಶಂಕರನಾಗ್ ಅವರ ನೆನಪಿಗಾಗಿ ೨೦೦೪ರಲ್ಲಿ ತೆರೆದ ರಂಗಶಂಕರ ಜೆ.ಪಿ.ನಗರಕ್ಕೆ ಕಳೆ ತಂದಿದೆ. ಬಡಕುಟುಂಬದ ಹೆಣ್ಣುಮಕ್ಕಳೂ ಓದಿ ದೊಡ್ಡ ಕಚೇರಿಗಳಲ್ಲಿ ದುಡಿಯುತ್ತಿದ್ದಾರೆ. ನಿವೇಶನದ ಬೆಲೆ ಏರಿದ್ದರಿಂದ ಲಾಭ ಪಡೆದವರಲ್ಲಿ ನಮ್ಮ ಸಮಾಜದ ಮನೆಯೊಡೆಯರೂ ಇದ್ದಾರೆ. ಆದುದರಿಂದಲೇ ಪ್ರಶ್ನೆಯನ್ನು ಸರ್ಕಾರಕ್ಕೆ ಹಾಕುವ ಮುನ್ನ ನಮಗೆ ನಾವೇ ಹಾಕಿಕೊಳ್ಳಬೇಕಾಗಿದೆ. ಬಾಡಿಗೆಯ ಫಲಕದಲ್ಲಿ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂದು ಬರೆದು, ಬಂದವರ ಕುಲವನ್ನು ಸುತ್ತುಬಳಸಿ ಕೇಳುವ ಮನೆಗಳು ಈ ಬಡಾವಣೆಗಳಲ್ಲಿ ಕಡಿಮೆಯಿಲ್ಲ. ಕುಲವನ್ನು ಕೇಳದ ಶರಣರ ಹೆಸರು ಹೇಳುವ ನಮ್ಮ ಬಾಗಿಲ ಮೇಲೆ ಅಂಥ ಫಲಕ ತೂಗಬಹುದೇ?

ಮಾಡಬಹುದಾದುದು ಬಹಳವಿದೆ. ಬಹುಕಾಲದ ಬಾಡಿಗೆದಾರನಿಗೆ ಒಮ್ಮೆಲೇ ದರ ಏರಿಸದಿರುವುದು, ಮುಂಗಡವನ್ನು ಹಗುರಗೊಳಿಸುವುದು, ಮನೆ ಮಾರುವ ಮುನ್ನ ಅಲ್ಲಿ ಬಾಳುತ್ತಿರುವವರಿಗೆ ಸಾಕಷ್ಟು ಕಾಲಾವಕಾಶ ಕೊಡುವುದು, ಬೀದಿಯ ಹೂವಿನವಳೊಡನೆ ಚೌಕಾಸಿ ಮಾಡದೆ ಕೊಳ್ಳುವುದು, ಕಾಂಪೌಂಡಿನ ಮಗ್ಗುಲಲ್ಲಿ ಇಸ್ತ್ರಿಯ ಗಾಡಿಗೆ ನೆರಳು ಬಿಡುವುದು, ಇವೆಲ್ಲ ಕಾನೂನು ಹೇಳಿ ಮಾಡಿಸುವ ಕೆಲಸಗಳಲ್ಲ. ಪರರ ಕಾಯಕಕ್ಕೆ ಎಡೆ ಕೊಡುವುದೂ ದಾಸೋಹವೇ. ಬಡಾವಣೆಯನ್ನು ನಕ್ಷೆಯ ಮೇಲೆ ಯಾರು ಬೇಕಾದರೂ ಬರೆಯಬಹುದು, ನೆರೆಹೊರೆಯನ್ನು ಮಾತ್ರ ಅಲ್ಲಿ ಬಾಳುವವರೇ ಕಟ್ಟಬೇಕು. ಜಯನಗರದ ಹಿರಿಯರು ಒಂದು ಕಾಲದಲ್ಲಿ ಅದನ್ನು ಕಟ್ಟಿಕೊಟ್ಟರು. ಉಳಿಸಿಕೊಳ್ಳುವ ಹೊಣೆ ಈಗ ನಮ್ಮೆಲ್ಲರದು.