ತಂಗಿಯ ಹಲ್ಲಿಗೆ ಕ್ಲಿಪ್ಪೋ, ಅಲೈನರೋ?

ನಮ್ಮ ತಂಗಿ ಈಗ ಪಿಯುಸಿ. ಸೊಟ್ಟ ಹಲ್ಲು ಕಾಣಬಾರದೆಂದು ನಗುವುದನ್ನೇ ಕಡಿಮೆ ಮಾಡಿದ್ದಾಳೆ. ಹಾಗಾಗಿ ಡೇರಿ ದುಡ್ಡು ಮುಂದಿಟ್ಟುಕೊಂಡು ಮನೆಯವರೆಲ್ಲ ಲೆಕ್ಕಕ್ಕೆ ಕೂತೆವು.

ಅಲೈನರ್ ಅಷ್ಟಾಗಿ ಕಾಣುವುದಿಲ್ಲ. ಆದರೆ ದಿನಕ್ಕೆ 20ರಿಂದ 22 ಗಂಟೆ ಹಾಕಿರಲೇಬೇಕು. ಉಣ್ಣುವಾಗ ತೆಗೆದು, ಹಲ್ಲುಜ್ಜಿ ಮತ್ತೆ ಹಾಕಬೇಕು. ಅವಳ ಕಾಲೇಜಿನಲ್ಲಿ ನಲ್ಲಿ ನೀರಿಗೇ ಬರ. ನಮಗೆ ಹೇಳಿದ ರೇಟೂ ಜಾಸ್ತಿ.

ಕ್ಲಿಪ್ಪಾದರೆ ತಂತಿ ಎದ್ದು ಕಾಣುತ್ತದೆ. ಕಬ್ಬು, ಚಕ್ಕುಲಿ ಬಿಡಬೇಕು. ತಿಂಗಳಿಗೋ ಒಂದೂವರೆ ತಿಂಗಳಿಗೋ ಡಾಕ್ಟರ ಹತ್ತಿರ ಹೋಗಬೇಕು.

ಬಾಯಿ ಅವಳದು, ತೀರ್ಮಾನವೂ ಅವಳದೇ ಎಂದೆವು. “ಕ್ಲಿಪ್ಪೇ ಇರಲಿ. ನಾನು ಮರೆತ್ರೂ ಅದು ಕೆಲಸ ಮಾಡ್ತಿರುತ್ತೆ” ಅಂದಳು.

ನೀವೂ ಮಾಡಿಸುವುದಾದರೆ ಒಂದು ಮಾತು: ಯಾವುದೇ ಆದರೂ ಕೊನೆಗೆ ರಿಟೇನರ್ ಬೇಕು, ಇಲ್ಲವಾದರೆ ಹಲ್ಲು ಮತ್ತೆ ಸರಿಯುತ್ತದೆ. ಆ ಖರ್ಚನ್ನೂ ಮೊದಲೇ ಕೇಳಿಕೊಳ್ಳಿ.